ಕರೆಂಟು ಬಂದ ಮೇಲೆ ಹೋಗಬೇಕಾದವನು

ಕರೆಂಟು ಹೋದರೆ ಜನ ಬೈಯುತ್ತಾರೆ. ಬಂದರೆ ಸಮಾಧಾನ ಮಾಡಿಕೊಳ್ಳುತ್ತಾರೆ. ಸಂಗಮೇಶನ ಪಾಲಿಗೆ ಅದು ತಿರುವುಮುರುವಾಗಿತ್ತು. ಕರೆಂಟು ಬಂತು ಅಂದ ಕೂಡಲೇ ಅವನು ಚಪ್ಪಲಿ ಮೆಟ್ಟಬೇಕು. ಅದೂ ಅವನ ಮನೆಯ ಕರೆಂಟಲ್ಲ. ಮನೆ ಸುಬ್ರಹ್ಮಣ್ಯಪುರದಲ್ಲಿ, ಕರೆಂಟು ಬಿಟಿಎಂ ಲೇಔಟಿನದು. ಅಲ್ಲಿ ಕರೆಂಟು ಬಂದರೆ ಇಲ್ಲಿ ಫೋನು ಬರುತ್ತಿತ್ತು. ಉಣ್ಣುತ್ತಿದ್ದರೆ ಕೈ ತೊಳೆದು ಹೊರಡುತ್ತಿದ್ದ. ಕಟಿಂಗ್ ಅಂಗಡಿಯಿಂದ ಒಂದು ಕಡೆ ಕೂದಲು ಬಿಟ್ಟುಕೊಂಡು ಹೋದದ್ದೂ ಉಂಟು. ಮಗಳ ತೊಟ್ಟಿಲಿನ ದಿನ ಹೆಸರು ಕರೆಯುವ ಮೊದಲು ಹೋದವನು ಎಲ್ಲ ಮುಗಿದ ಮೇಲೆ ಬಂದ. ಕೂಸಿಗೆ ಭಾಗ್ಯಜ್ಯೋತಿ ಅಂತ ಹೆಸರಾಗಿದೆ ಅನ್ನುವುದನ್ನು ಅವನಿಗೆ ಬಾಗಿಲಲ್ಲೇ ಹೇಳಿದವಳು ಮನೆ ಮಾಲೀಕಳು ಮಂಗಮ್ಮ. ಕರೆಂಟಿನವನ ಮಗಳಿಗೆ ಕರೆಂಟಿನ ಹೆಸರೇ ಇಟ್ಟರು ಅಂತ ಆಫೀಸಿನವರು ನಕ್ಕರು.

ಸಂಗಮೇಶ ರೋಣದ ಕಡೆಯವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಗದಗಿನ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸಿದ. ಮೊಳೆ ಹೋಗಿ ಕಂಪ್ಯೂಟರು ಬಂತು. ಅದನ್ನೂ ಕಲಿತ. ತೊಂಬತ್ತೆಂಟರಲ್ಲಿ ಬೆಂಗಳೂರಿಗೆ ಬಂದು ಬನಶಂಕರಿಯ ಡಿಟಿಪಿ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆ ಮಾಡುತ್ತಿದ್ದ. ಎರಡು ಸಾವಿರದ ಒಂದರಲ್ಲಿ ರೇಣುಕವ್ವನ ಮದುವೆಯಾದ. ಆಕೆ ಏಳನೇ ಇಯತ್ತೆ ಕಲಿತವಳು. ಬೆಂಗಳೂರಿಗೆ ಬಂದು ಸೀರೆಗೆ ಫಾಲ್ಸು ಹಚ್ಚುವ ಕೆಲಸ ಹಿಡಿದಳು. ಅವನು ಅಂಗಡಿ ಮುಚ್ಚಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಪುಸ್ತಕ ನೋಡಿ ಕಲಿತ. ಎರಡು ವರ್ಷ ಕಲಿತು ಬಿಟಿಎಂನಲ್ಲಿ ಮನೋಜ್ ಅನ್ನುವವನ ಆಫೀಸಿಗೆ ಸೇರಿದ.

ಮನೋಜ್ ಅಲ್ಲಿನ ಹಳೇ ಊರಿನವನು. ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತು ಕಟ್ಟಿಸಿದ್ದ. ಕೆಳಗೆ ಬೇಕರಿ, ನಡುವೆ ಬಾಡಿಗೆಯವರು, ಮೇಲೆ ಮಗನ ಆಫೀಸು. ಎಂಟು ಜನ ಕೆಲಸಕ್ಕಿದ್ದರು. ಏಳು ಜನ ಇಂಜಿನಿಯರುಗಳು. ಎಂಟನೆಯವನು ಸಂಗಮೇಶ. ಅವನಿಗೆ 'ಡಿಟಿಪಿ ಗುರು' ಅಂತ ಹೆಸರಿಟ್ಟಿದ್ದರು. ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೂ ಚಹಾ ಹೇಳಿ ಬರಲು ಅವನನ್ನೇ ಕಳಿಸುತ್ತಿದ್ದರು.

ಅವನಿಂದಾಗಿ ಆ ಆಫೀಸಿಗೆ ಬಂದ ಕೆಲಸ ಅಂದರೆ ಪಾರವ್ವನದು. ಪಾರವ್ವ ರಿಟೈರಾದ ಹೆಡ್ ಮಿಸ್ಟ್ರೆಸ್ಸು. ತ್ಯಾಗರಾಜನಗರದ ಮನೆಯ ಮುಂದಿನ ಹಾಲಿನಲ್ಲಿ ವಧೂವರರ ಕೇಂದ್ರ ನಡೆಸುತ್ತಿದ್ದಳು. ಉತ್ತರ ಕರ್ನಾಟಕದಿಂದ ಬಂದು ಬೆಂಗಳೂರಿನಲ್ಲಿ ನೆಲೆನಿಂತವರೆಲ್ಲ ಮಕ್ಕಳ ಫೋಟೋ ತಂದು ಆಕೆಯ ಕೈಗೆ ಕೊಡುತ್ತಿದ್ದರು. ಎರಡು ಅಲ್ಮೇರಾ ತುಂಬಿತ್ತು. ಎಲ್ಲ ಕಂಪ್ಯೂಟರಿಗೆ ಹಾಕಿಸಬೇಕು ಅಂದುಕೊಂಡಾಗ ಆಕೆ ಹುಡುಕಿದ್ದು ನಮ್ಮ ಕಡೆಯ ಹುಡುಗ ಯಾರಿದ್ದಾನೆ ಅಂತ. ಅವಳು ಹಾಕಿದ ಷರತ್ತು ಒಂದೇ. ಹೆಣ್ಣುಮಕ್ಕಳ ಫೋಟೋ ಕಂಡಕಂಡವರಿಗೆ ಕಾಣಬಾರದು. ಅವಳು ಒಪ್ಪಿಗೆ ಕೊಟ್ಟ ಮನೆತನಕ್ಕೆ ಮಾತ್ರ ಕಾಣಬೇಕು. ಸಂಗಮೇಶ ಹಾಗೆಯೇ ಮಾಡಿಕೊಟ್ಟ. ಆರುನೂರು ಹೆಣ್ಣುಮಕ್ಕಳ ಫೋಟೋ ಒಂದೊಂದಾಗಿ ತಾನೇ ಕೂತು ಸ್ಕ್ಯಾನ್ ಮಾಡಿದ. ಆಮೇಲೆ ಪಾರವ್ವ ಎಲ್ಲ ಫೋಟೋಗಳನ್ನೂ ಅವರವರ ಮನೆಗೆ ವಾಪಸ್ ಕೊಟ್ಟಳು. ಅಲ್ಮೇರಾ ಎರಡೂ ಖಾಲಿಯಾದವು.

ಪ್ರೋಗ್ರಾಮು ಅವನ ಮೇಜಿನ ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು. ಅದನ್ನು ಆಫೀಸಿನ ಮೂಲೆಯಲ್ಲಿದ್ದ ದೊಡ್ಡ ಮೆಷಿನ್ನಿಗೆ ಹಾಕಿದರು. ಹೊರಗಿನ ಜನ ನೋಡುವುದು ಅದರೊಳಗಿಂದ. ಮೊದಲ ವಾರ ಅಲ್ಲಿಯೂ ಚೆನ್ನಾಗಿತ್ತು. ಆಮೇಲೆ ಒಂದು ದಿನ ಕರೆಂಟು ಹೋಯಿತು. ಬ್ಯಾಟರಿ ಅರ್ಧ ಗಂಟೆ ತಡೆಯುತ್ತಿತ್ತು. ಬಿಟಿಎಂನಲ್ಲಿ ಅರ್ಧ ಗಂಟೆಗೆ ಕರೆಂಟು ಬರುವ ಸಂಪ್ರದಾಯ ಇರಲಿಲ್ಲ. ಮೆಷಿನ್ನು ಆರಿತು. ಕರೆಂಟು ಬಂದ ಮೇಲೆ ಮನೋಜನೇ ಅದನ್ನು ಶುರು ಮಾಡಿದ. ಹೆಸರು ಬಂದವು, ಊರು ಬಂದವು, ಓದಿದ್ದು ಬಂತು. ಫೋಟೋ ಒಂದೂ ಬರಲಿಲ್ಲ. ಸಂಗಮೇಶ ಬಂದು ನಿಲ್ಲಿಸಿ ಮತ್ತೆ ಶುರು ಮಾಡಿದ. ಎಲ್ಲ ಫೋಟೋ ಬಂದವು.

ಮನೋಜ್ ಅವನ ಬೆನ್ನು ತಟ್ಟಿದ. 'ಏನ್ ಗುರು, ನಿನ್ ಕೈಯಲ್ಲೇ ಏನೋ ಇದೆ. ಮಂತ್ರ ಗಿಂತ್ರ ಹಾಕ್ತೀಯಾ?'

ಆ ಸಂಜೆ ರೊಟ್ಟಿ ಮುರಿಯುತ್ತ ಸಂಗಮೇಶ ಹೆಂಡತಿಗೆ ಹೇಳಿದ. ಅವನು ಎಲ್ಲವನ್ನೂ ಆಕೆಗೆ ಹೇಳುತ್ತಿದ್ದ. ಹೇಳಲು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

'ತಪ್ಪು ನಂದೇ ಐತಿ. ಮೆಷಿನ್ನಿನಾಗ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್, ಕೋಣಿ ಇದ್ದಂಗ. ಫೋಟೋ ಎಲ್ಲಿ ಅದಾವು ಅಂತ ಪ್ರೋಗ್ರಾಮಿಗೆ ಹೇಳಬೇಕಲ್ಲ. ನಾ ಏನ್ ಬರದೀನಿ ಅಂದ್ರ, ಇಲ್ಲೇ ಒಳಗಿನ ಕೋಣ್ಯಾಗ ಅದಾವು ಅಂತ. ಇಲ್ಲೇ ಅಂದ್ರ ಎಲ್ಲಿ?'

'ನೀವು ನಿಂತಲ್ಲಿ,' ಅಂದಳು ರೇಣುಕವ್ವ.

'ಹಾಂ. ನಾ ನಿಂತು ಶುರು ಮಾಡಿದ್ರ ನನ್ನ ಕೋಣಿ. ಸಾಹೇಬ್ರು ನಿಂತು ಶುರು ಮಾಡಿದ್ರ ಅವರ ಕೋಣಿ. ಅಲ್ಲಿ ಫೋಟೋ ಎಲ್ಲಿಂದ ಬರ್ಬೇಕು?'

ರೇಣುಕವ್ವನಿಗೆ ಅದು ಕೂಡಲೇ ತಿಳಿಯಿತು. ಹಿಂದಿನ ವರ್ಷ ಅವಳ ತಮ್ಮ ಊರಿಂದ ಬಂದವನು ಗಣೇಶನ ಗುಡಿಯ ಹಿಂದೆ ಮೂರನೇ ಮನೆ ಅಂತ ಕೇಳಿಕೊಂಡು ಇಡೀ ದಿನ ಅಲೆದಿದ್ದ. ಬೆಂಗಳೂರಿನಲ್ಲಿ ಯಾವ ಅಡ್ಡರಸ್ತೆಯಲ್ಲಿ ಗಣೇಶನ ಗುಡಿ ಇಲ್ಲ? ಅವನು ಮೂರು ಗುಡಿಯ ಹಿಂದೆ ಮೂರನೇ ಮನೆಯ ಬಾಗಿಲು ತಟ್ಟಿ ಬೈಸಿಕೊಂಡು ಬಂದಿದ್ದ. ಊರು, ಬಡಾವಣೆ, ರಸ್ತೆ, ನಂಬರು, ಎಲ್ಲ ಬರೆದುಕೊಟ್ಟಿದ್ದರೆ ಎಲ್ಲಿಂದ ಹೊರಟರೂ ಬಂದು ಮುಟ್ಟುತ್ತಿದ್ದ. ಸಂಗಮೇಶ ಫೋಟೋಗಳಿಗೆ ಆ ಪೂರ್ತಿ ವಿಳಾಸ ಕೊಟ್ಟಿರಲಿಲ್ಲ. ಸಾಲದ್ದಕ್ಕೆ ಇನ್ನೊಂದು ಜಾಣತನ ಮಾಡಿದ್ದ. ನಿಂತಲ್ಲಿ ಫೋಟೋ ಕೋಣೆ ಸಿಗದಿದ್ದರೆ ಪ್ರೋಗ್ರಾಮು ಅದೇ ಹೆಸರಿನ ಖಾಲಿ ಕೋಣೆಯೊಂದನ್ನು ತಾನೇ ಕಟ್ಟಿಕೊಳ್ಳುತ್ತಿತ್ತು.

'ಒಂದು ಸಾಲಿನ ಕೆಲಸ. ನಾಳೆ ಸರಿ ಮಾಡ್ತೀನಿ,' ಅಂದ.

ಆ ವಾರ ಮನೋಜ್ ಇಬ್ಬರನ್ನು ಕೆಲಸದಿಂದ ಬಿಡಿಸಿದ್ದ. ಇಬ್ಬರೂ ಇಂಜಿನಿಯರುಗಳು. ಇನ್ನೂ ಒಬ್ಬನನ್ನು ಬಿಡಿಸುತ್ತಾನೆ ಅಂತ ಮಾತಿತ್ತು. ರೇಣುಕವ್ವನಿಗೆ ಆಗ ಏಳು ತಿಂಗಳು. ಅವಳು ತಾಟಿಗೆ ಪಲ್ಯ ಬಡಿಸಿ ಕೈ ಒರೆಸಿಕೊಂಡಳು.

'ಸರಿ ಮಾಡಬ್ಯಾಡ್ರಿ. ಸರಿ ಮಾಡಿದ್ರ ನಾಳೆ ನಿಮ್ಮನ್ನ ಯಾರು ಕರೀತಾರ?'

'ಅಲ್ಲ, ಅದು ತಪ್ಪೈತಿ.'

'ತಪ್ಪಿದ್ರ ಇರ್ಲಿ. ಫೋಟೋ ಎಲ್ಲೂ ಹೋಗಿಲ್ಲಲ್ಲ. ಕೀಲಿಕೈ ಸೆರಗಿನಾಗ ಇದ್ದ ಸೊಸಿನ್ನ ಅತ್ತಿ ಸೈತ ಬೈಯೂದಿಲ್ಲ.'

ಸಂಗಮೇಶ ನಕ್ಕ. ಆಮೇಲೆ ನಗಲಿಲ್ಲ. ಎರಡು ರೊಟ್ಟಿ ತಿಂದು ಎದ್ದ. ಮರುದಿನ ಸರಿ ಮಾಡಲಿಲ್ಲ. ಅದರ ಮರುದಿನವೂ ಮಾಡಲಿಲ್ಲ. ಹದಿನೈದು ದಿನದಲ್ಲಿ ಮತ್ತೊಬ್ಬನ ಕೆಲಸ ಹೋಯಿತು. ಅದು ಸಂಗಮೇಶನದಾಗಿರಲಿಲ್ಲ. ಅವನಿಲ್ಲದಿದ್ದರೆ ಪಾರವ್ವನ ಮೆಷಿನ್ನು ಶುರುವಾಗುವುದಿಲ್ಲ ಅಂತ ಮನೋಜನೇ ಎಲ್ಲರ ಎದುರು ಹೇಳಿದ. ರೇಣುಕವ್ವನಿಗೆ ತಾನು ಗೆದ್ದೆ ಅನ್ನಿಸಿತು.

ಇದು ಎರಡು ಸಾವಿರದ ನಾಲ್ಕರ ಮಾತು. ಅಲ್ಲಿಂದ ಎರಡೂವರೆ ವರ್ಷ ಅವನು ಓಡಾಡಿದ. ಮಳೆಯಲ್ಲಿ ಹೋದ, ಯುಗಾದಿಗೆ ಹೋದ. ವಾರಕ್ಕೆ ಎರಡು ಸಲ, ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ. ಹೋಗಿ ಮಾಡುತ್ತಿದ್ದದ್ದು ಎರಡು ಸಾಲು ಬರೆಯುವ ಕೆಲಸ. ಮೊದಲ ಸಾಲು ಅವನ ಕೋಣೆಗೆ ಹೋಗುವುದು. ಎರಡನೇ ಸಾಲು ಅಲ್ಲಿ ನಿಂತು ಶುರು ಮಾಡುವುದು.

ಒಮ್ಮೆ ಅವನಿಗೆ ಟೈಫಾಯ್ಡ್ ಬಂತು. ಭಾನುವಾರ ಫೋನು ಬಂದಾಗ ಏಳಲು ಹೋಗಿ ಗೋಡೆ ಹಿಡಿದು ಕೂತ. ರೇಣುಕವ್ವ ತಾನು ಹೋಗುತ್ತೇನೆ ಅಂದಳು. ಅವನಿಗೆ ಜ್ವರದಲ್ಲೂ ನಗು ಬಂತು. ಆದರೂ ಒಂದು ಚೀಟಿಯಲ್ಲಿ ಆ ಎರಡು ಸಾಲನ್ನು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟ. ಕೂಸನ್ನು ಮಂಗಮ್ಮನ ಹತ್ತಿರ ಬಿಟ್ಟು ಅವಳು ಎರಡು ಬಸ್ಸು ಬದಲಿಸಿ ಹೋದಳು. ವಾಚ್‌ಮನ್ ಯಲ್ಲಯ್ಯ ಬಾಗಿಲು ತೆಗೆದು ಹಿಂದೆಯೇ ನಿಂತ. ಅವಳು ಒಂದೊಂದು ಅಕ್ಷರ ಹುಡುಕಿ, ತೋರುಬೆರಳಿನಿಂದ, ಹಿಟ್ಟಿನಲ್ಲಿ ಕುಣಿ ಮಾಡುವ ಹಾಗೆ ಒತ್ತಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಪರದೆಯಲ್ಲಿ ಏನೇನೋ ಓಡಿತು. ನಿಮ್ಮೆಜಮಾನ್ರು ಮಾಡಿದಾಗಲೂ ಹಿಂಗೇ ಓಡತ್ತಕ್ಕ ಅಂತ ಯಲ್ಲಯ್ಯ ಹೇಳಿದ ಮೇಲೆಯೇ ಅವಳು ಕುರ್ಚಿಯಿಂದ ಎದ್ದದ್ದು. ಮನೆಗೆ ಬಂದಾಗ ಸಂಗಮೇಶ ಅವಳನ್ನು 'ಬರ್ರಿ ಇಂಜಿನಿಯರ್ ಮೇಡಂ' ಅಂದ. ಎರಡು ದಿನ ಹಾಗೆಯೇ ಕರೆದ.

ಎರಡು ಸಾವಿರದ ಆರರ ಆಗಸ್ಟಿನಲ್ಲಿ ಒಂದು ಶನಿವಾರ ರಾತ್ರಿ ಹತ್ತು ಗಂಟೆಗೆ ಬಿಟಿಎಂನಲ್ಲಿ ಕರೆಂಟು ಹೋಯಿತು. ಹನ್ನೆರಡಕ್ಕೆ ಬಂತು. ಫೋನು ಬಂತು. ಅವನು ಗಾಡಿ ತೆಗೆದುಕೊಂಡು ಹೋದ. ಜೆಪಿ ನಗರದಲ್ಲಿ ನೀರಿನ ಟ್ಯಾಂಕರೊಂದು ಗೇಟಿನೊಳಗಿಂದ ರಿವರ್ಸ್ ಬಂತು. ಅಷ್ಟೇ. ಆಸ್ಪತ್ರೆಗೆ ಒಯ್ಯುವ ಕೆಲಸವೂ ಬೀಳಲಿಲ್ಲ.

ಊರಿಗೆ ಒಯ್ದು ಮಣ್ಣು ಮಾಡಿದರು. ಹನ್ನೊಂದನೇ ದಿನದ್ದು ಮುಗಿಯಿತು. ಅತ್ತೆ ಇಲ್ಲಿಯೇ ಇರು ಅಂದಳು. ರೇಣುಕವ್ವ ಮೂರನೇ ವಾರ ಮಗಳನ್ನು ಕರೆದುಕೊಂಡು ಸುಬ್ರಹ್ಮಣ್ಯಪುರಕ್ಕೆ ಬಂದಳು. ಫಾಲ್ಸಿಗೆ ಬಂದಿದ್ದ ಸೀರೆಗಳು ಹಾಗೇ ಬಿದ್ದಿದ್ದವು. ಆ ಕೆಲಸವೊಂದು ಗೊತ್ತಿತ್ತು.

ಬಂದ ದಿನವೇ ಮಂಗಮ್ಮ ಕಾಫಿ ತಂದುಕೊಟ್ಟು, ಕೂರದೆ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಯಾರೋ ಮೂರು ಸಲ ಹುಡುಕಿಕೊಂಡು ಬಂದಿದ್ದರಂತೆ. ಗಂಡಸರು, ವಯಸ್ಸಾದವರು. ಬೈದು ಹೋದರಂತೆ.

'ಯಾಕಂತ್ರಿ?' ರೇಣುಕವ್ವ ಕೇಳಿದಳು.

'ಬೇಜಾರು ಮಾಡ್ಕೋಬೇಡ ಕಣಮ್ಮ. ನಿಮ್ಮೆಜಮಾನ್ರು ಹೆಣ್ಮಕ್ಳು ಫೋಟೋ ಎಲ್ಲಾ ತಗೊಂಡ್ಬಿಟ್ಟಿದ್ರಂತೆ. ಎಲ್ಲೋ ಮಾರಿದ್ದಾರೆ ಅಂತ ಮಾತಾಡ್ಕೊಂತಿದ್ರು.'

ಆಗಿದ್ದು ಇಷ್ಟು. ಶನಿವಾರ ಆರಿದ ಮೆಷಿನ್ನು ಸೋಮವಾರದವರೆಗೆ ಹಾಗೇ ಇತ್ತು. ಸೋಮವಾರ ಆಫೀಸಿನ ಸೌಮ್ಯ ಅನ್ನುವ ಹುಡುಗಿ ಅದನ್ನು ಶುರು ಮಾಡಿದಳು. ಆಕೆ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ತನ್ನ ಜಾಗದಿಂದ, ತನ್ನ ಕೋಣೆಯಲ್ಲಿ ನಿಂತು ಶುರು ಮಾಡಿದಳು. ಫೋಟೋ ಬರಲಿಲ್ಲ. ಹುಡುಕಿದರೆ ಫೋಟೋ ಅನ್ನುವ ಹೆಸರಿನ ಕೋಣೆ ಸಿಕ್ಕಿತು. ಒಳಗೆ ಏನೂ ಇರಲಿಲ್ಲ. ಕೋಣೆ ಇದೆ, ಸಾಮಾನಿಲ್ಲ ಅಂದರೆ ಯಾರಾದರೂ ಏನು ತಿಳಿಯುತ್ತಾರೆ? ಮನೋಜ್ ಪಾರವ್ವನಿಗೆ ಫೋನು ಮಾಡಿ, ಹೋಗುವ ಮುಂಚೆ ಸಂಗಮೇಶ ಎಲ್ಲ ಅಳಿಸಿಕೊಂಡು ಹೋಗಿದ್ದಾನೆ ಅಂತ ಹೇಳಿದ. ಹೋಗುವ ಮುಂಚೆ ಅಂದ. ಟ್ಯಾಂಕರಿನ ಕೆಳಗೆ ಹೋಗುವುದು ಸಂಗಮೇಶನಿಗೆ ಮೊದಲೇ ಗೊತ್ತಿದ್ದ ಹಾಗೆ.

ರೇಣುಕವ್ವ ಮೊದಲು ಪಾರವ್ವನ ಮನೆಗೆ ಹೋದಳು. ಪಾರವ್ವ ಅವಳನ್ನು ಒಳಗೆ ಕರೆದಳು, ನೀರು ಕೊಟ್ಟಳು. ಸತ್ತವರ ಮೇಲೆ ಮಾತಾಡಬಾರದು ಅಂತ ಶುರು ಮಾಡಿ ಮಾತಾಡಿದಳು.

'ಆರುನೂರು ಹೆಣ್ಮಕ್ಕಳವ್ವಾ. ಅವರ ಅಪ್ಪಗೋಳು ನನ್ನ ಮಾರಿ ನೋಡಿ ಕೊಟ್ಟಿದ್ರು. ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿ ಅತ್ರು. ನಾ ಏನ್ ಹೇಳ್ಲಿ?'

'ಅವರು ಹಂಗ ಮಾಡೂ ಮನುಷ್ಯಾ ಅಲ್ರೀ.'

'ನಾನೂ ಹಂಗ ಅಂದ್ಕೊಂಡಿದ್ದೆ.' ಪಾರವ್ವ ಖಾಲಿ ಲೋಟ ಎತ್ತಿಟ್ಟಳು. 'ನಿನಗೂ ಒಂದು ಹೆಣ್ಣೈತಿ. ನಾಳೆ ಅದಕ್ಕೂ ವರಾ ನೋಡೂದು ಬರ್ತೈತಿ. ಅವಾಗ ಯಾರ ಮಗಳು ಅಂತ ಕೇಳ್ತಾರ. ನಮ್ಮ ಮಂದಿ ಮರಿಯೂದಿಲ್ಲ.'

ಆಕೆ ಬೆದರಿಸಲು ಹೇಳಲಿಲ್ಲ. ಇದ್ದದ್ದನ್ನೇ ಹೇಳಿದಳು. ಮೂವತ್ತು ವರ್ಷ ಅದೇ ಕೆಲಸ ನೋಡಿದವಳು. ರೇಣುಕವ್ವನಿಗೆ ಗಂಡ ಸತ್ತದ್ದಕ್ಕಿಂತ ಆ ಮಾತು ಆಳಕ್ಕೆ ಇಳಿಯಿತು. ಸತ್ತವನನ್ನು ಹೂತು ಬರಬಹುದು. ಇದು ಮಗಳ ಜೊತೆ ಬೆಳೆಯುವಂಥದು. ಹೇಗಾದರೂ ಆ ಹೆಸರು ತೊಳೆಯಬೇಕು. ಬೇರೆ ಯಾವ ಆಸೆಯೂ ಅವಳಿಗೆ ಉಳಿದಿರಲಿಲ್ಲ.

ಮರುದಿನ ಬೆಳಗ್ಗೆ ಹತ್ತಕ್ಕೆ ಆಫೀಸಿಗೆ ಹೋದಳು. ಮನೋಜ್ ಮರ್ಯಾದೆಯಿಂದಲೇ ಕೂರಿಸಿದ. ತಿಂಡಿ ಆಯಿತೇ ಅಂತ ಕೇಳಿದ. ಸಂಗಮೇಶ ತಮ್ಮನ ಥರ ಇದ್ದ, ಹೀಗೆ ಮಾಡುತ್ತಾನೆ ಅಂತ ಅಂದುಕೊಂಡಿರಲಿಲ್ಲ ಅಂದ. ಸೌಮ್ಯಳನ್ನು ಕರೆದು ಪರದೆಯ ಮೇಲೆ ಖಾಲಿ ಕೋಣೆ ತೋರಿಸಿದ.

ರೇಣುಕವ್ವ ಅದನ್ನು ನೋಡಿ ಕೇಳಿದಳು, 'ಇದನ್ನ ಎಲ್ಲಿ ನಿಂತು ಶುರು ಮಾಡೀರಿ?'

ಸೌಮ್ಯಳಿಗೆ ಅರ್ಥವಾಗಲಿಲ್ಲ. ತಾನು ಕೂರುವ ಕುರ್ಚಿ ತೋರಿಸಿದಳು.

'ಅಲ್ಲಲ್ಲ. ಅವರ ಕೋಣೀಗೆ ಹೋಗಿ ನಿಂತು ಶುರು ಮಾಡ್ಬೇಕ್ರಿ. ಮೊದ್ಲ ಅದರಾಗ ಹೋಗೂದು, ಆಮ್ಯಾಲೆ ಶುರು ಮಾಡೂದು.'

ಮನೋಜನಿಗೆ ನಗು ತಡೆಯಲಾಗಲಿಲ್ಲ. 'ಅಕ್ಕ, ಇದೇನು ವಾಸ್ತು ನೋಡಿ ಕೂರೋ ಕೆಲ್ಸ ಅಲ್ಲ. ಎಲ್ಲಿಂದ ಮಾಡಿದ್ರೂ ಅದೇ ಮೆಷಿನ್ನು.'

ಅವಳು ಮತ್ತೆ ಹೇಳಿದಳು. ಟೈಫಾಯ್ಡಿನ ಭಾನುವಾರ ತಾನು ಬಂದದ್ದನ್ನೂ ಹೇಳಿದಳು. ಅದನ್ನು ಹೇಳಿದ್ದು ತಪ್ಪಾಯಿತು. ಆಫೀಸಿನಲ್ಲಿ ಇದ್ದಬದ್ದವರೆಲ್ಲ ತಿರುಗಿ ನೋಡಿದರು. ಫಾಲ್ಸು ಹಚ್ಚುವ ಹೆಂಗಸು ಬಂದು ಸರ್ವರ್ ಮುಟ್ಟಿದ್ದಾಳೆ ಅಂದರೆ ಗಂಡ ಇನ್ನೇನೇನು ಮಾಡಿರಬೇಕು ಅನ್ನುವ ಹಾಗೆ. ಮನೋಜ್ ಮೀಟಿಂಗ್ ಇದೆ ಅಂತ ಎದ್ದು ಹೋದ. ರೇಣುಕವ್ವ ಎದ್ದು ಹೋಗಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಳು. ಹನ್ನೊಂದಾಯಿತು, ಒಂದಾಯಿತು. ಊಟದ ಡಬ್ಬಿ ತೆಗೆದವರು ಅವಳಿಗೆ ಕೊಡುವುದೋ ಬಿಡುವುದೋ ತಿಳಿಯದೆ ತಿರುಗಿ ಕೂತು ಉಂಡರು. ಮೂರೂವರೆಗೆ ಸೌಮ್ಯಳಿಗೆ ತಡೆಯಲಾಗಲಿಲ್ಲ.

'ಅಕ್ಕ, ಆ ಕೋಣೆ ಹೆಸರು ಗೊತ್ತಾ ನಿಮಗೆ?'

ಗೊತ್ತಿತ್ತು. ಬೆರಳು ಒತ್ತಿದ ಅಕ್ಷರಗಳನ್ನು ಅವಳು ಸಾಲಾಗಿ ಹೇಳಿದಳು. ಸೌಮ್ಯ ಬರೆದಳು. ಕೋಣೆ ಇತ್ತು. ಅಲ್ಲಿ ನಿಂತು ಶುರು ಮಾಡಿದಳು.

ಫೋಟೋಗಳು ಒಂದೊಂದೇ ಸಾಲಾಗಿ ಇಳಿದವು. ರೇಷ್ಮೆ ಸೀರೆಯುಟ್ಟು ಹೂವಿನ ಕುಂಡದ ಪಕ್ಕ ನಿಂತ ಹುಡುಗಿಯರು. ಎಲ್ಲರೂ ಇದ್ದರು. ಒಬ್ಬರೂ ಕಡಿಮೆಯಿರಲಿಲ್ಲ.

ಸೌಮ್ಯ ಬಾಯಿ ಮುಚ್ಚಿಕೊಂಡಳು. ಎದ್ದು ಹೋಗಿ ಮನೋಜನನ್ನು ಕರೆತಂದಳು. ಅವನು ಬಗ್ಗಿ ನೋಡಿದ. ಕೆಳಗಿನವರೆಗೆ ನೋಡಿದ. ತಪ್ಪಾಯಿತು ಅಂತ ಹೇಳುತ್ತಾನೆ ಅಂದುಕೊಂಡು ರೇಣುಕವ್ವ ಎದ್ದು ನಿಂತಿದ್ದಳು. ಅವನು ಯಾಕೆ ಹೀಗಾಯಿತು ಅಂತ ಸೌಮ್ಯಳನ್ನು ಕೇಳಿದ. ಸೌಮ್ಯ ಸಂಗಮೇಶ ಬರೆದ ಪ್ರೋಗ್ರಾಮು ತೆಗೆದು ಹುಡುಕಿದಳು. ಬೇಗ ಸಿಕ್ಕಿತು. ಫೋಟೋ ಕೋಣೆಯ ಪೂರ್ತಿ ವಿಳಾಸ ಬರೆದಳು. ಮೆಷಿನ್ನು ನಿಲ್ಲಿಸಿದಳು. ತನ್ನ ಕುರ್ಚಿಗೆ ಹೋಗಿ ಅಲ್ಲಿಂದ ಶುರು ಮಾಡಿದಳು. ಫೋಟೋ ಬಂದವು. ಮನೋಜ್ ತನ್ನ ರೂಮಿನಿಂದ ಮಾಡಿ ನೋಡಿದ. ಅಲ್ಲಿಂದಲೂ ಬಂದವು.

'ಎಷ್ಟ ಹೊತ್ತಿನ ಕೆಲಸ ಆತ್ರಿ ಇದು?' ರೇಣುಕವ್ವ ಕೇಳಿದಳು.

'ಐದು ನಿಮಿಷ ಅಕ್ಕ,' ಅಂದಳು ಸೌಮ್ಯ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿ ತಲೆ ತಗ್ಗಿಸಿದಳು.

ಐದು ನಿಮಿಷ. ಎರಡೂವರೆ ವರ್ಷ ಅವನು ಆ ರಸ್ತೆಯಲ್ಲಿ ಓಡಿದ್ದು ಈ ಐದು ನಿಮಿಷದ ಕೆಲಸ ಮಾಡದೆ. ರೇಣುಕವ್ವ ಗೋಡೆ ಹಿಡಿಯಲಿಲ್ಲ, ಅಳಲಿಲ್ಲ. ಗಂಡ ಕಳ್ಳನಲ್ಲ ಅನ್ನುವುದನ್ನು ಇವರ ಬಾಯಿಂದ ಕೇಳಿಕೊಂಡು ಹೋಗಬೇಕು ಅಂತ ನಿಂತಳು.

ಆಗ ಮನೋಜ್ ಪರದೆಗೆ ಬೆರಳಿಟ್ಟ. ಸೌಮ್ಯ ಬದಲಿಸಿದ ಸಾಲಿನ ಮೇಲೆ ಸಂಗಮೇಶ ತನಗಾಗಿ ಒಂದು ಟಿಪ್ಪಣಿ ಬರೆದಿಟ್ಟಿದ್ದ. ಇಂಗ್ಲಿಷಿನಲ್ಲಿತ್ತು. ಸೌಮ್ಯ ಕನ್ನಡದಲ್ಲಿ ಹೇಳಿದಳು. ಇಲ್ಲಿ ಪೂರ್ತಿ ವಿಳಾಸ ಕೊಡಬೇಕು, ಇಲ್ಲದಿದ್ದರೆ ಬೇರೆಯವರು ಶುರು ಮಾಡಿದರೆ ಫೋಟೋ ಸಿಗುವುದಿಲ್ಲ. ಕೆಳಗೆ ತಾರೀಕಿತ್ತು. ಎರಡು ಸಾವಿರದ ನಾಲ್ಕನೇ ಇಸವಿ, ಫೆಬ್ರವರಿ.

'ಅಂದ್ರೆ ಗೊತ್ತಿತ್ತು,' ಅಂದ ಮನೋಜ್. 'ಗೊತ್ತಿದ್ದೂ ಇಟ್ಕೊಂಡಿದ್ದ. ನಾನಿಲ್ಲ ಅಂದ್ರೆ ನಡೀಬಾರದು ಅಂತ. ನಾನು ಇವನನ್ನ ಸಾಚಾ ಅಂದ್ಕೊಂಡಿದ್ದೆ.'

'ನಾ ಬ್ಯಾಡ ಅಂದಿದ್ದೆ,' ಅಂದಳು ರೇಣುಕವ್ವ. 'ಅವರು ಸರಿ ಮಾಡ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ.'

ಮನೋಜ್ ಅವಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕನಿಕರವಿತ್ತು. 'ಅಕ್ಕ, ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ. ಹೋಗಿ, ಮಗು ಕಾಯ್ತಿರುತ್ತೆ.'

ಅವಳು ಇನ್ನೊಂದು ಸಲ ಹೇಳಿದಳು. ಪೂರ್ತಿ ವಿಳಾಸ ಅಂದರೇನು ಅಂತಲೂ ಹೇಳಿದಳು. ಅವನು ತಲೆಯಾಡಿಸಿದ, ಕೇಳಿಸಿಕೊಳ್ಳಲಿಲ್ಲ. ಏಳನೇ ಇಯತ್ತೆ ಓದಿದವಳ ಮಾತಿನಿಂದ ಒಂದು ಮೆಷಿನ್ನು ಎರಡೂವರೆ ವರ್ಷ ಕುಂಟಿತು ಅನ್ನುವುದು ಅವನ ತಲೆಯೊಳಗೆ ಹೋಗುವಂಥದಾಗಿರಲಿಲ್ಲ. ಕೊನೆಗೆ ಅವಳು ಒಂದು ಕಾಗದ ಕೇಳಿದಳು. ಸಂಗಮೇಶ ಫೋಟೋ ಕದ್ದಿಲ್ಲ, ಮಾರಿಲ್ಲ ಅಂತ ಎರಡು ಸಾಲು, ಕೆಳಗೆ ಆಫೀಸಿನ ಸೀಲು. ಪಾರವ್ವನಿಗೆ ತೋರಿಸಲು.

'ಏನಂತ ಬರೀಲಿ ಅಕ್ಕ? ಕದ್ದಿಲ್ಲ, ಬಚ್ಚಿಟ್ಟಿದ್ದ ಅಂತಲಾ? ಅದು ನಿಮಗೇ ಚೆನ್ನಾಗಿರಲ್ಲ. ನಾನು ಪಾರವ್ವ ಮೇಡಂಗೆ ಮೆಯಿಲ್ ಹಾಕ್ತೀನಿ.'

ಅವನು ಮೆಯಿಲ್ ಹಾಕಿದ್ದು ನಿಜ. ಒಂದು ವಾರ ಬಿಟ್ಟು ರೇಣುಕವ್ವ ತ್ಯಾಗರಾಜನಗರಕ್ಕೆ ಹೋದಾಗ ಪಾರವ್ವ ಹಗುರಾಗಿದ್ದಳು. ಫೋಟೋ ಎಲ್ಲ ಬಂದಿವೆ, ದೇವರು ದೊಡ್ಡವನು ಅಂದಳು. ಮೆಯಿಲಿನಲ್ಲಿ ಏನು ಬರೆದಿದ್ದಾರೆ ಅಂತ ರೇಣುಕವ್ವ ಕೇಳಿದಳು. ಪಾರವ್ವ ಹೇಳಲು ಮನಸ್ಸಿಲ್ಲದೆ ಹೇಳಿದಳು. ಹಳೇ ನೌಕರ ಬೇರೆಯವರ ಕೈಗೆ ಸಿಗದ ಹಾಗೆ ಕಟ್ಟಿ ಇಟ್ಟಿದ್ದನ್ನು ಆಫೀಸಿನವರು ಕಷ್ಟಪಟ್ಟು ಬಿಡಿಸಿದ್ದಾರೆ ಅಂತ ಇತ್ತು.

'ಕಟ್ಟಿ ಇಡು ಅಂತ ಹೇಳಿದಾಕಿ ನಾನ್ರೀ,' ಅಂದಳು ರೇಣುಕವ್ವ.

ಪಾರವ್ವ ಅವಳ ಮೊಣಕೈ ಮುಟ್ಟಿದಳು. 'ಗಂಡನ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳೂದು ನಾವು ಹೆಂಗಸರು ಕಲತ ಬಂದದ್ದು. ನೀ ಒಳ್ಳೇಕಿ. ಆದ್ರ ಯಾರೂ ನಂಬೂದಿಲ್ಲ.'

'ಕದ್ದಿಲ್ಲ ಅಂತರೇ ಹೇಳ್ರಿ. ಆ ಹುಬ್ಬಳ್ಳಿಯವ್ರಿಗೆ, ಮನೀಗೆ ಬಂದು ಬೈದು ಹೋದವ್ರಿಗೆ.'

'ಕೇಳಿದ್ರ ಹೇಳ್ತೀನಿ. ಈಗ ಯಾರು ಕೇಳ್ತಾರ? ಫೋಟೋ ಬಂದ್ವು, ಮಂದಿ ಸುಮ್ಮನಾದ್ರು. ನಾನೇ ಫೋನ್ ಮಾಡಿ ಆ ಮಾತು ಎತ್ತಿದ್ರ ಗೊತ್ತಿಲ್ದವ್ರಿಗೂ ಗೊತ್ತಾಗ್ತೈತಿ.'

ರೇಣುಕವ್ವ ಎದ್ದಳು. ಗೇಟಿನ ಹತ್ತಿರ ಒಬ್ಬ ಗಂಡಸು ಚೀಟಿ ನೋಡುತ್ತ ನಿಂತಿದ್ದ. ಬಿಳಿ ಟೊಪ್ಪಿಗೆ, ಕೈಯಲ್ಲಿ ಲಕೋಟೆ, ಪಕ್ಕದಲ್ಲಿ ಇಪ್ಪತ್ತು ಇಪ್ಪತ್ತೆರಡರ ಮಗಳು. ಪಾರವ್ವನ ಮನೆ ಇದೇ ಏನು ಅಂತ ಕೇಳಿದ. ಹೌದು ಅಂದಳು. ಮಾತಿನಿಂದಲೇ ತನ್ನ ಕಡೆಯವಳು ಅಂತ ಗೊತ್ತಾಗಿ ಅವನು ದನಿ ತಗ್ಗಿಸಿದ.

'ಫೋಟೋ ಕೊಡಬಹುದಲ್ರೀ ಇ‌ಲ್ಲಿ? ನಡುವ ಯಾವನೋ ಒಯ್ದಿದ್ದ ಅಂತ ಕೇಳಿದ್ವಿ.'

'ಯಾರೂ ಒಯ್ದಿಲ್ರೀ. ಎಲ್ಲಾ ಒಳಗೇ ಇದ್ವು.'

'ನಿಮಗ ಹ್ಯಾಂಗ ಗೊತ್ತು?'

'ನಾನು ಅವರ ಹೆಂಡತಿ,' ಅಂದಳು ರೇಣುಕವ್ವ.

ಅವನು ಅವಳ ಬೋಳು ಕೊರಳು ನೋಡಿದ. ಲಕೋಟೆಯನ್ನು ಎಡಗೈಯಿಂದ ಬಲಗೈಗೆ, ಅವಳಿಗೆ ದೂರವಾದ ಕಡೆಗೆ ಬದಲಿಸಿ ಹಿಡಿದು, ಮಗಳನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋದ.